ತಾಯಿಯ ತಾಯಿ

ಮೆಣಸಿ ಸತ್ತ ಸುದ್ದಿ ನಮಗೆ ತಲುಪುವಷ್ಟರಲ್ಲಿ ಅವಳನ್ನು ಮಣ್ಣು ಮಾಡಿಯೂ ಆಗಿತ್ತು.

ಫೋನು ಬಂದಾಗ ನಾನೂ ಅತ್ತಿಗೆಯೂ ಆಸ್ಪತ್ರೆಯ ನೆಲಮಾಳಿಗೆಯಲ್ಲಿದ್ದೆವು. ನಮ್ಮ ಕೆಲಸ ಅಲ್ಲೇ. ಮೇಲಿನ ವಾರ್ಡುಗಳಿಂದ ಬಟ್ಟೆಯ ಗಂಟುಗಳು ಇಳಿದು ಬರುತ್ತವೆ. ಗಂಟು ಬಿಚ್ಚಬೇಕು. ಮಡಿಕೆಯೊಳಗೆ ಸೂಜಿ, ಬ್ಲೇಡು ಉಳಿದಿದೆಯೇ ಎಂದು ಕೈಯಾಡಿಸಿ ನೋಡಬೇಕು. ಹೇಲು, ಕೀವು, ನೆತ್ತರನ್ನು ತಣ್ಣೀರಲ್ಲಿ ಉಜ್ಜಿ ಬಿಡಿಸಬೇಕು. ಬಿಸಿನೀರು ಹಾಕಿದರೆ ನೆತ್ತರು ಕೂತುಬಿಡುತ್ತದೆ. ಆಮೇಲೆಯೇ ಯಂತ್ರಕ್ಕೆ. ಕೈಗವಸು ಕೊಡುತ್ತೇವೆಂದು ಮೇಸ್ತ್ರಿ ಪ್ರತಿ ವರ್ಷ ಹೇಳುತ್ತಾನೆ. ಹೇಳುವುದಕ್ಕೆ ಅವನಿಗೆ ಖರ್ಚಿಲ್ಲ.

ಅತ್ತಿಗೆಯ ಕೈ ಒದ್ದೆಯಾಗಿತ್ತು. ನಾನು ಎತ್ತಿದೆ.

“ಮೆಣಸೀನ ಮನೆಯೋರಾ?” ಆ ಕಡೆ ಹೆಂಗಸಿನ ದನಿ.

“ಹೂಂ. ಸೋದರತ್ತೆ.”

“ಅಕ್ಕಾ, ನಾನು ಇಲ್ಲಿ ಅವಳು ಕೆಲಸಕ್ಕಿದ್ದ ಮನೆ ಪಕ್ಕದ ಮನೇಲಿ ಅಡುಗೆ ಮಾಡೋಳು. ನಿಮ್ಮ ನಂಬರ್ ಹುಡುಕೋದಕ್ಕೇ ಇಷ್ಟು ದಿನ ಆಯ್ತು. ಮೆಣಸಿ ಹೋಗ್ಬಿಟ್ಲು ಅಕ್ಕಾ. ಹೆರಿಗೇಲಿ.”

ನನಗೆ ಹೆರಿಗೆ ಎಂಬ ಮಾತೇ ಅರ್ಥವಾಗಲಿಲ್ಲ. ನಮ್ಮ ಹುಡುಗಿಗೆ ಮದುವೆಯೇ ಆಗಿರಲಿಲ್ಲ. “ಯಾರದು?” ಎಂದೆ.

“ಅದನ್ನ ಕೇಳಬೇಡಿ. ಆ ಮನೇಲಿ ಗಂಡಸರು ಮೂರು ಜನ ಇದಾರೆ.”

ಅತ್ತಿಗೆ ನನ್ನ ಮುಖ ನೋಡುತ್ತ ನಿಂತಿದ್ದಳು. ಕೇಳದೆಯೇ ಅವಳಿಗೆ ಗೊತ್ತಾಯಿತು. ಕೂಗಲಿಲ್ಲ. ಕೈಯಲ್ಲಿದ್ದ ಹಾಸುಬಟ್ಟೆಯನ್ನು ಹಿಂಡುತ್ತಲೇ ಇದ್ದಳು. ನೀರು ಮುಗಿದ ಮೇಲೂ ಹಿಂಡಿದಳು.

“ಮಗು ಇದೆ ಅಕ್ಕಾ,” ಎಂದಳು ಅಡುಗೆಯವಳು. “ಹೆಣ್ಣು. ಸರ್ಕಾರದ ಮಕ್ಕಳ ಮನೇಲಿ ಇಟ್ಟಿದಾರೆ. ಬೇಗ ಬನ್ನಿ. ಕಾಗದ ಬೇಕಂತೆ.”

ಮೆಣಸಿ ನನ್ನ ಅಣ್ಣನ ಮಗಳು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು, ಅದಕ್ಕೇ ಆ ಹೆಸರು. ಅವಳಿಗೆ ಹಲ್ಲು ಬರುವ ಮುಂಚೆಯೇ ಅಣ್ಣ ಇನ್ನೊಬ್ಬಳ ಹಿಂದೆ ಹೋದ. ನಾನು ಅಣ್ಣನ ಕಡೆಗೆ ಹೋಗಲಿಲ್ಲ, ಅತ್ತಿಗೆಯ ಕಡೆಗೇ ಉಳಿದೆ. ಇಬ್ಬರೂ ಒಂದೇ ತೊಟ್ಟಿಗೆ ಕೈಯಿಟ್ಟು ಅವಳನ್ನು ಸಾಕಿದೆವು. ಸಾಲುಮನೆಯ ಬೀದಿಯಲ್ಲಿ ನಮ್ಮನ್ನು ಜನ ಕರೆಯುವುದು ‘ಹೆಣದ ಬಟ್ಟೆಯವರು’ ಎಂದೇ. ನಲ್ಲಿಯ ಹತ್ತಿರ ನಾವು ಕೊಡ ಇಟ್ಟರೆ ಉಳಿದವರು ತಮ್ಮ ಕೊಡ ಪಕ್ಕಕ್ಕೆ ಸರಿಸುತ್ತಾರೆ. ಮೆಣಸಿ ಅದನ್ನು ನೋಡುತ್ತ ಬೆಳೆದಳು. “ನಿಮ್ಮಿಬ್ಬರ ಹಾಗೆ ನಾನು ಆ ಗುಂಡಿಗೆ ಇಳಿಯಲ್ಲ,” ಎಂದಳು. ಆಗಲೇ ಒಬ್ಬ ದಲ್ಲಾಳಿ ಬಂದ. ಹೊರದೇಶದಲ್ಲಿ ಮನೆಗೆಲಸ, ಒಳ್ಳೆ ಜನ ಎಂದ. ಅಷ್ಟು ಚಿಕ್ಕ ಹುಡುಗಿಯರನ್ನು ಆ ದೇಶ ಒಳಗೆ ಬಿಡುವುದಿಲ್ಲವೆಂದು ಅವನೇ ಪಾಸ್‌ಪೋರ್ಟಿನಲ್ಲಿ ಅವಳ ವಯಸ್ಸನ್ನು ಐದು ವರ್ಷ ಏರಿಸಿದ. ನಾವು ತಲೆಯಾಡಿಸಿದೆವು. ಮೊದಮೊದಲು ಫೋನು ಬರುತ್ತಿತ್ತು. ಆಮೇಲೆ ಅವಳ ಫೋನನ್ನು ಮನೆಯವರು ಕಿತ್ತುಕೊಂಡರಂತೆ. ಅದೂ ನಮಗೆ ಗೊತ್ತಾದದ್ದು ಅವಳು ಸತ್ತ ಮೇಲೆ.

ಮಕ್ಕಳ ಮನೆಯವರು ಈಮೇಲಿನಲ್ಲಿ ಕಳಿಸಿದ ಪತ್ರವನ್ನು ಜೆರಾಕ್ಸ್ ಅಂಗಡಿಯವನು ಕಂಪ್ಯೂಟರಿನಲ್ಲಿ ತೆಗೆದು ಓದಿದ. ಅವನಿಗೂ ಪೂರ್ತಿ ತಿಳಿಯಲಿಲ್ಲ, ತಲೆ ಕೆರೆದುಕೊಂಡು ಹೇಳಿದ:

“ಮಗುವಿನ ತಾಯಿ ನಿಮ್ಮ ಮಗಳು ಅನ್ನೋದಕ್ಕೆ ಅವಳ ಜನನ ಪತ್ರ. ನೀವು ಸಾಕಬಲ್ಲಿರಿ ಅನ್ನೋದಕ್ಕೆ ಒಂದು ಪತ್ರ. ನಿಮ್ಮ ಮೇಲೆ ಕೇಸಿಲ್ಲ ಅನ್ನೋದಕ್ಕೆ ಪೊಲೀಸರದ್ದೊಂದು. ಎಲ್ಲದಕ್ಕೂ ಅವರ ಭಾಷೇಲಿ ಅನುವಾದ. ಆಮೇಲೆ ಮುದ್ರೆ.”

“ಮುದ್ರೆ ತಾನೇ? ಹಾಕಿಸೋಣ ಬಿಡಪ್ಪಾ,” ಎಂದಳು ಅತ್ತಿಗೆ.

“ಒಂದಲ್ಲಮ್ಮ. ಮೊದಲು ನೋಟರಿ. ನೋಟರಿ ಸಹಿ ನಿಜ ಅಂತ ಇಲ್ಲಿನ ಇಲಾಖೆ. ಇಲಾಖೆ ಮುದ್ರೆ ನಿಜ ಅಂತ ವಿದೇಶಾಂಗ ಕಚೇರಿ. ಅವರ ಮುದ್ರೆ ನಿಜ ಅಂತ ಆ ದೇಶದ ರಾಯಭಾರ ಕಚೇರಿ. ಹಾಳೆ ಹಾಳೆಗೂ ಫೀಸು.”

“ಮಗು ನಿಜ ಅಂತ ಯಾರು ಮುದ್ರೆ ಹಾಕ್ತಾರೆ?” ಎಂದೆ ನಾನು. ಅಂಗಡಿಯವನು ನಕ್ಕ. ಅತ್ತಿಗೆ ನಗಲಿಲ್ಲ.

ಮೆಣಸಿ ಹುಟ್ಟಿದ್ದು ಸಾಲುಮನೆಯ ನೆಲದ ಮೇಲೆ. ಆಸ್ಪತ್ರೆಯ ಬಟ್ಟೆ ಒಗೆಯುವವಳಿಗೆ ಆಸ್ಪತ್ರೆಯಲ್ಲಿ ಹಾಸಿಗೆ ಸಿಕ್ಕಿರಲಿಲ್ಲ. ಹಾಗಾಗಿ ಎಲ್ಲೂ ಬರೆದಿಟ್ಟಿರಲಿಲ್ಲ. ಜನನ ಮರಣ ಕಚೇರಿಯ ಗುಮಾಸ್ತ ನಮ್ಮ ಅರ್ಜಿಯನ್ನು ಪೆನ್ನಿನ ತುದಿಯಿಂದ ತಿರುಗಿಸಿ ನೋಡಿದ. ಕೈಯಿಂದ ಮುಟ್ಟಲಿಲ್ಲ. ನಮ್ಮ ಮೈಗೆ ಬ್ಲೀಚಿನ ವಾಸನೆ ಅಂಟಿಕೊಂಡೇ ಇರುತ್ತದೆ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ.

“ಹುಟ್ಟಿದ್ದಕ್ಕೆ ಏನು ಪುರಾವೆ?” ಎಂದ.

“ಸತ್ತಿದಾಳಲ್ಲ ಸಾರ್. ಹುಟ್ಟದೆ ಸಾಯೋಕಾಗುತ್ತಾ?” ಎಂದಳು ಅತ್ತಿಗೆ.

“ಹಾಗಾದ್ರೆ ಸತ್ತ ಸರ್ಟಿಫಿಕೇಟ್ ತಗೊಂಡು ಬಾ.”

ಅಡುಗೆಯವಳು ಅಲ್ಲಿ ವಿಚಾರಿಸಿದಳು. ಮರಣ ಪತ್ರ ಸತ್ತವಳ ಸಂಬಂಧಿಕರಿಗೆ ಮಾತ್ರ ಕೊಡುವುದಂತೆ. ಸಂಬಂಧ ಇದೆ ಎನ್ನುವುದಕ್ಕೆ ಸತ್ತವಳ ಜನನ ಪತ್ರ ತೋರಿಸಬೇಕಂತೆ. ನಾನು ಇದನ್ನು ಅತ್ತಿಗೆಗೆ ಎರಡೆರಡು ಸಲ ಹೇಳಿದೆ. ಅವಳು ಗೋಡೆಗೆ ಒರಗಿ ಕೂತು ಕೇಳಿದಳು: “ಅಂದ್ರೆ ನನ್ನ ಮಗಳು ಹುಟ್ಟೂ ಇಲ್ಲ, ಸತ್ತೂ ಇಲ್ಲ ಅಂತಲೋ?”

ಕೋರ್ಟಿನಿಂದ ಆದೇಶ ತಂದರೆ ಜನನ ಪತ್ರ ಕೊಡುತ್ತಾರೆ ಎಂದು ಒಬ್ಬ ವಕೀಲ ಹೇಳಿದ. ಕೋರ್ಟಿನ ಹೊರಗೆ ಮರದ ಕೆಳಗೆ ಮೇಜು ಹಾಕಿಕೊಂಡಿದ್ದ. ನಮ್ಮನ್ನು ಬೆಂಚಿನ ಮೇಲೆ ಕೂರಿಸಿದ. ಅಷ್ಟಕ್ಕೇ ಅತ್ತಿಗೆ ಅವನನ್ನು ದೇವರೆಂದುಕೊಂಡಳು. ದಲ್ಲಾಳಿ ಕೊಟ್ಟಿದ್ದ ಪಾಸ್‌ಪೋರ್ಟಿನ ನಕಲು ನೋಡಿ ಅವನು ದನಿ ತಗ್ಗಿಸಿದ.

“ಜನನ ಪತ್ರದಲ್ಲಿ ನಿಜವಾದ ವರ್ಷ ಹಾಕಿಸಿದ್ರೆ ಪಾಸ್‌ಪೋರ್ಟಿಗೆ ತಾಳೆ ಆಗಲ್ಲ. ಅಲ್ಲಿ ಸತ್ತವಳು ಬೇರೆ, ನಿಮ್ಮ ಮಗಳು ಬೇರೆ ಅಂದುಬಿಡ್ತಾರೆ. ಪಾಸ್‌ಪೋರ್ಟಲ್ಲಿ ಇರೋದನ್ನೇ ಹೇಳಿ. ಎಲ್ಲೂ ತಡವರಿಸಬೇಡಿ.”

ಫೀಸು ಹೊಂದಿಸಲು ಅತ್ತಿಗೆ ಸೋಂಕು ವಾರ್ಡಿನ ಬಟ್ಟೆಗೆ ಒಪ್ಪಿಕೊಂಡಳು. ಅದಕ್ಕೆ ಕೂಲಿ ಹೆಚ್ಚು, ಮಾಡುವವರಿಲ್ಲ. ಹಳದಿ ಚೀಲಗಳು. ಬಿಚ್ಚಿದರೆ ಕಣ್ಣು ಉರಿಯುತ್ತದೆ. ಎರಡು ಪಾಳಿ ಒಂದರ ಮೇಲೊಂದು ನಿಂತಳು. ಬೆರಳ ಸಂದುಗಳು ಒಡೆದು ಬಾಯಿಬಿಟ್ಟವು. ಅನ್ನ ಕಲಸಲಾಗದೆ ಚಮಚದಲ್ಲಿ ತಿಂದಳು. ಇಸ್ತ್ರಿ ಯಂತ್ರದ ಹಬೆ ಬಡಿದು ಮುಂಗೈಯ ಚರ್ಮ ಸುಲಿದಾಗ ಮೇಲಿನ ವಾರ್ಡಿನ ನರ್ಸು ಮುಲಾಮು ಹಚ್ಚಿದಳು. “ಒಂದು ವಾರ ನೀರು ಮುಟ್ಟಬೇಡ,” ಎಂದಳು. ಅತ್ತಿಗೆ ಆ ಕೈಗೆ ಪ್ಲಾಸ್ಟಿಕ್ ಕವರು ಕಟ್ಟಿಕೊಂಡು ಕೆಳಗಿಳಿದಳು. ನಾನು ಬೈದೆ. “ಸುಮ್ನಿರೇ,” ಎಂದಳು. “ಅಲ್ಲಿ ಅದು ಬೆಳೀತಾ ಇದೆ. ನಾನಿಲ್ಲಿ ಕೂತ್ರೆ ಆಗುತ್ತಾ?”

ಅಡುಗೆಯವಳು ಹೇಗೋ ಮಗುವಿನ ಒಂದು ಫೋಟೋ ಕಳಿಸಿದ್ದಳು. ದಪ್ಪ ಕೆನ್ನೆ. ಅಂಗಿಯ ಮೇಲೆ ನಂಬರು. ಯಾರ ಮೇಲೋ ಕೋಪ ಬಂದವರಂತೆ ಹುಬ್ಬು ಗಂಟಿಕ್ಕಿದ್ದಳು. “ಅವ್ವನ ಬುದ್ಧಿಯೇ ಬಂದಿದೆ,” ಎಂದಳು ಅತ್ತಿಗೆ. ಸುದ್ದಿ ಬಂದ ಮೇಲೆ ಅವಳು ನಕ್ಕಿದ್ದು ಅಂದೇ.

ಕೋರ್ಟಿನಲ್ಲಿ ನ್ಯಾಯಾಧೀಶರು ಎರಡು ಕಾಗದ ಪಕ್ಕಪಕ್ಕ ಇಟ್ಟುಕೊಂಡು ನೋಡಿದರು. ಒಂದು ಅತ್ತಿಗೆಯ ಗುರುತಿನ ಚೀಟಿ. ಇನ್ನೊಂದು ಮೆಣಸಿಯ ಪಾಸ್‌ಪೋರ್ಟಿನ ನಕಲು.

“ಏನಮ್ಮಾ, ಈ ಲೆಕ್ಕದಲ್ಲಿ ನೀನು ಹನ್ನೆರಡನೇ ವಯಸ್ಸಿಗೇ ಹೆತ್ತಿದೀಯಲ್ಲ?”

ಹಿಂದೆ ಕೂತಿದ್ದ ಕರಿಕೋಟಿನವರು ನಕ್ಕರು. ಒಬ್ಬ ಏನೋ ಅಂದ, ಪಕ್ಕದವನು ಬಾಯಿ ಮುಚ್ಚಿಕೊಂಡ. ನಮ್ಮಂಥವರಲ್ಲಿ ಅದೆಲ್ಲ ಹೀಗೇ ಎನ್ನುವ ನಗು ಅದು. ನನಗೆ ಗೊತ್ತು. ನಾನು ಆ ನಗುವಿನ ನಡುವೆಯೇ ಬೆಳೆದವಳು. ಅತ್ತಿಗೆ ಮೆಣಸಿಯನ್ನು ಹೆತ್ತದ್ದು ಹದಿನೇಳಕ್ಕೆ. ಹೇಳಿದರೆ ಮಗು ಹೋಯಿತು. ವಕೀಲ ನೆಲ ನೋಡುತ್ತಿದ್ದ.

“ಹೂಂ ಸ್ವಾಮಿ,” ಎಂದಳು ಅತ್ತಿಗೆ.

“ಜೋರಾಗಿ ಹೇಳು.”

“ಹೂಂ. ಹನ್ನೆರಡಕ್ಕೆ ಹೆತ್ತೆ.”

ಆದೇಶ ಸಿಕ್ಕಿತು. ಬೀದಿಗೆ ಬಂದ ಮೇಲೆ ಅತ್ತಿಗೆ ಒಂದು ಅಂಗಡಿಯ ಮೆಟ್ಟಿಲ ಮೇಲೆ ಕುಸಿದಳು. “ಅಷ್ಟು ಜನ ಗಂಡಸರ ಮುಂದೆ ಹೂಂ ಅಂದುಬಿಟ್ಟೆ ಕಣೇ,” ಎಂದಳು. ಅಂಗಡಿಯವನು ಮೆಟ್ಟಿಲು ಬಿಡಿ ಎಂದ. ಎದ್ದೆವು.

ಜನನ ಪತ್ರ, ಉಳಿದ ಪತ್ರಗಳು ಕೈಗೆ ಬಂದವು. ಆಮೇಲೆ ಮುದ್ರೆಗಳು. ನೋಟರಿ ಸುಲಭ. ದುಡ್ಡು ಇಟ್ಟರೆ ತಲೆಯೆತ್ತದೆ ಹೊಡೆಯುತ್ತಿದ್ದ. ಇಲಾಖೆಯಲ್ಲಿ ಮುದ್ರೆ ಹಾಕುವವರು ರಜೆಯಲ್ಲಿದ್ದರು. ಅವರು ಬಂದಾಗ ಮುದ್ರೆಯ ಶಾಯಿ ಅನುಮೋದನೆಯಾದ ಬಣ್ಣದ್ದಲ್ಲವೆಂದು ಕೆಲಸ ನಿಂತಿತ್ತು. ವಿದೇಶಾಂಗ ಕಚೇರಿ ನಮ್ಮಂಥವರಿಂದ ನೇರವಾಗಿ ತೆಗೆದುಕೊಳ್ಳುವುದೇ ಇಲ್ಲ. ಏಜೆನ್ಸಿಯ ಮೂಲಕವೇ ಬರಬೇಕಂತೆ. ಏಜೆನ್ಸಿಯದು ಗಾಜಿನ ಬಾಗಿಲು, ತಣ್ಣನೆ ಗಾಳಿ, ಮೆತ್ತನೆ ಸೋಫಾ. ಕೆಲಸಕ್ಕೆ ಹೋಗುವ, ಓದಲು ಹೋಗುವ ಹುಡುಗ ಹುಡುಗಿಯರು ಪದವಿಯ ಕಾಗದ ಹಿಡಿದು ಕೂತಿದ್ದರು. ನಾವು ಕೂತ ಕೂಡಲೇ ಪಕ್ಕದ ಹುಡುಗಿ ಮೂಗಿಗೆ ಕರವಸ್ತ್ರ ಹಿಡಿದಳು. ಕಾವಲಿನವನು ಬಂದು, “ನಿಮ್ಮ ನಂಬರ್ ಬಂದಾಗ ಕರೀತೀವಿ, ಹೊರಗಿರಿ,” ಎಂದ. ಹೊರಗೆ ಬಿಸಿಲು. ಅಲ್ಲಿ ನೆರಳಿದ್ದದ್ದು ಅವನ ಕುರ್ಚಿಗೆ ಮಾತ್ರ. ನಮ್ಮ ನಂಬರು ಕರೆದದ್ದು ಗಾಜಿನಾಚೆ ನಮಗೆ ಕೇಳಲಿಲ್ಲ. ಮತ್ತೆ ಹೊಸ ನಂಬರು.

ಅನುವಾದಕ ಮೆಣಸಿಯ ಹೆಸರಿನಲ್ಲಿ ಒಂದು ಅಕ್ಷರ ಬಿಟ್ಟಿದ್ದ. ಅದನ್ನು ತಿದ್ದಿದ. ತಿದ್ದಿದ ಜಾಗಕ್ಕೆ ಸಹಿ, ಆ ಸಹಿಗೆ ಮುದ್ರೆ, ಆ ಮುದ್ರೆಗೆ ಫೀಸು. ತಪ್ಪು ಅವನದು, ಫೀಸು ನಮ್ಮದು. ನಾನು ಜಗಳಕ್ಕೆ ನಿಂತೆ. “ಬೇಕಾದ್ರೆ ಮಾಡಿಸ್ಕೊಳ್ಳಿ, ಬೇಡದಿದ್ರೆ ಬಿಡಿ,” ಎಂದ. ಅತ್ತಿಗೆ ನನ್ನ ತೋಳು ಹಿಡಿದೆಳೆದು ದುಡ್ಡು ಕೊಟ್ಟಳು.

ಕೊನೆಗೆ ರಾಯಭಾರ ಕಚೇರಿ. ಅದಿದ್ದದ್ದು ದೂರದ ದೊಡ್ಡ ಊರಿನಲ್ಲಿ. ರೈಲಿನಲ್ಲಿ ನಿಂತುಕೊಂಡೇ ಹೋದೆವು. ಅತ್ತಿಗೆ ಕಾಗದದ ಕಟ್ಟನ್ನು ಸೆರಗಿನೊಳಗೆ ಎದೆಗೆ ಅವಚಿಕೊಂಡಿದ್ದಳು. ಜನ ಒತ್ತಿದಾಗೆಲ್ಲ ಬೆನ್ನು ಕೊಡುತ್ತಿದ್ದಳು. ಕೂಸು ಹೊತ್ತವರು ಹಾಗೆ ಮಾಡುತ್ತಾರೆ.

ಅಲ್ಲಿ ಗಾಜಿನ ಕಿಟಕಿ. ಕೆಳಗೆ ಕೈ ತೂರಿಸುವಷ್ಟು ಕಿಂಡಿ, ಅದರ ಮುಂದೆ ಕಲ್ಲಿನ ಕಟ್ಟೆ. ಒಳಗಿನ ಹೆಂಗಸು ಹಾಳೆ ತಿರುಗಿಸುತ್ತ ಹೋದಳು. ಮರ್ಯಾದೆಯಿಂದಲೇ ಮಾತಾಡಿದಳು.

“ಮೇಡಂ, ಮೊದಲನೇ ಮುದ್ರೆ ಹಾಕಿ ಆರು ತಿಂಗಳು ದಾಟಿದೆ. ಇದು ನಡೆಯಲ್ಲ. ಹೊಸದಾಗಿ ಮಾಡಿಸಿಕೊಂಡು ಬನ್ನಿ.”

“ಯಾವುದು ಹೊಸದಾಗಿ?”

“ಎಲ್ಲಾನೂ. ಮೊದಲನೇದು ಹೊಸದಾದ್ರೆ ಮಿಕ್ಕಿದ್ದೂ ಹೊಸದೇ ಆಗಬೇಕಲ್ವಾ?”

“ಆ ಆರು ತಿಂಗಳು ನಾವೇನು ಮನೇಲಿ ಮಲಗಿದ್ವಾ? ನಿಮ್ಮಂಥೋರ ಕಿಟಕಿ ಮುಂದೆಯೇ ನಿಂತಿದ್ವಿ,” ಎಂದೆ.

“ನಿಯಮ ನಾನು ಮಾಡಿದ್ದಲ್ಲ ಮೇಡಂ.”

ಅತ್ತಿಗೆ ಕಾಗದಗಳನ್ನು ಅಂಚು ಕೂಡಿಸಿ ಮತ್ತೆ ಕಟ್ಟಿದಳು. ಊರಿಗೆ ಬಂದವಳೇ ನೇರವಾಗಿ ಪಾಳಿಗೆ ಹೋದಳು.

ಎರಡನೇ ಸಲದ ನೋಟರಿ ಮುದ್ರೆ ಆದ ಹೊತ್ತಿಗೆ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿತು. ಸಾಲುಮನೆಯ ಬೀದಿಗೆ ಕಾರು ಬರುವುದು ಯಾರನ್ನಾದರೂ ಹಿಡಿದುಕೊಂಡು ಹೋಗಲು ಮಾತ್ರ. ಬೀದಿಯೆಲ್ಲ ಹೊರಗೆ ಬಂತು. ಒಬ್ಬ ಗಂಡಸು, ಒಬ್ಬ ಹೆಂಗಸು ಇಳಿದರು. ಮಕ್ಕಳನ್ನು ದತ್ತು ಕೊಡಿಸುವ ಸಂಸ್ಥೆಯವರಂತೆ. ಆ ದೇಶದ ಮಕ್ಕಳ ಮನೆಯ ಪರವಾಗಿ ಬಂದಿದ್ದರು. ನಮ್ಮ ಚಾಪೆಯ ಮೇಲೆ ಕೂತರು. ಅತ್ತಿಗೆ ಕೊಟ್ಟ ನೀರನ್ನೂ ಕುಡಿದರು. ಆಗಲೇ ನನಗೆ ಅನುಮಾನ ಬಂತು.

“ಅಮ್ಮಾ, ಒಳ್ಳೇ ಸುದ್ದಿ,” ಎಂದ ಆ ಗಂಡಸು. “ಮಗುವಿಗೆ ಒಂದು ಮನೆ ಸಿಕ್ಕಿದೆ. ಮಕ್ಕಳಿಲ್ಲದ ದಂಪತಿ, ತುಂಬಾ ಸ್ಥಿತಿವಂತರು. ರಾಣಿ ಹಾಗೆ ಬೆಳೀತಾಳೆ.”

“ಯಾವ ಮಗು?” ಎಂದಳು ಅತ್ತಿಗೆ.

“ನಿಮ್ಮ ಮೊಮ್ಮಗು.”

ಹೆಂಗಸು ಒಂದು ಹಾಳೆ ತೆಗೆದು ನೆಲದ ಮೇಲಿಟ್ಟಳು. ಪೆನ್ನಿನ ಮುಚ್ಚಳವನ್ನೂ ಅವಳೇ ತೆಗೆದಳು. “ಮಗು ಮೇಲೆ ನಿಮಗೆ ಹಕ್ಕು ಏನೂ ಇಲ್ಲ, ಕೊಡೋದಕ್ಕೆ ಒಪ್ಪಿಗೆ ಇದೆ ಅಂತ. ಇಲ್ಲೊಂದು ಸಹಿ ಸಾಕು.”

ಅತ್ತಿಗೆಗೆ ತನ್ನ ಹೆಸರು ಬರೆಯಲು ಬರುತ್ತದೆ. ಮೆಣಸಿ ಕಲಿಸಿದ್ದಳು. ಅವಳು ಪೆನ್ನು ಮುಟ್ಟಲಿಲ್ಲ, ಹಾಳೆಯನ್ನೇ ನೋಡಿದಳು.

“ಇದನ್ನ ನೋಟರಿ ಹತ್ರ ತಗೊಂಡು ಹೋಗಬೇಕಾ?”

“ಬೇಡಮ್ಮ. ನೀವು ಎಲ್ಲೂ ಅಲೆಯೋದು ಬೇಡ.”

“ಇಲಾಖೆಗೆ?”

“ಎಲ್ಲಾ ನಾವೇ ನೋಡ್ಕೊಳ್ತೀವಿ.”

“ಫೀಸು?”

“ಒಂದು ಪೈಸೆ ಇಲ್ಲ,” ಎಂದ ಗಂಡಸು. ನಮಗೆ ಉಪಕಾರ ಮಾಡಿದ ಖುಷಿ ಅವನ ಮುಖದಲ್ಲಿ ಕಾಣುತ್ತಿತ್ತು.

ಅತ್ತಿಗೆ ನನ್ನ ಕಡೆ ತಿರುಗಿದಳು. “ನಾನು ಯಾರು ಅಂತ ಬರೆದಿದೆ ನೋಡೇ ಇದರಲ್ಲಿ.”

ನಾನು ಬೆರಳಿಟ್ಟು ಓದಿದೆ. “ಮಗುವಿನ ತಾಯಿಯ ತಾಯಿ ಅಂತ.”

ಬಾಗಿಲಲ್ಲಿ ಇಣುಕುತ್ತಿದ್ದವರು ಇನ್ನಷ್ಟು ಒಳಗೆ ಬಗ್ಗಿದರು.

“ಯಾವ ಮುದ್ರೆ ನೋಡಿ ಬರೆದ್ರಿ ಅದನ್ನ?” ಎಂದಳು ಅತ್ತಿಗೆ.

“ಅಂದ್ರೆ?”

“ನಾನು ಅವಳ ತಾಯಿ ಅಂತ ನಿಮಗೆ ಹೇಗೆ ಗೊತ್ತಾಯ್ತು? ಊರಲ್ಲಿರೋ ಕಿಟಕಿ ಎಲ್ಲಾ ಸುತ್ತಿ ಬಂದೆ. ಹನ್ನೆರಡಕ್ಕೆ ಹೆತ್ತೆ ಅಂತ ಕೋರ್ಟಲ್ಲಿ ಕೂಗಿ ಹೇಳಿದೆ. ಈ ಕೈ ನೋಡಿ. ಮಗು ಕೊಡಿ ಅಂದಾಗ ನಾನು ಯಾರೂ ಅಲ್ಲ. ಮಗು ಬಿಟ್ಟುಬಿಡು ಅನ್ನೋವಾಗ ನಾನು ಅಜ್ಜಿ. ಮನೆ ಹುಡುಕ್ಕೊಂಡು ಬಂದಿದೀರಿ. ನನ್ನ ಚಾಪೆ ಮೇಲೆ ಕೂತಿದೀರಿ.”

“ಭಾವುಕರಾಗಬೇಡಿ,” ಎಂದಳು ಹೆಂಗಸು. “ಮಗುವಿನ ಭವಿಷ್ಯ ನೋಡಿ. ಇಲ್ಲಿ ತಂದು ಏನು ಮಾಡ್ತೀರಿ? ಈ ಮನೇಲಿ?”

ಅವಳ ಕಣ್ಣು ನಮ್ಮ ಗೋಡೆ, ನಮ್ಮ ಒಲೆ, ಹಗ್ಗದ ಮೇಲಿನ ನಮ್ಮ ಒದ್ದೆ ಸೀರೆಗಳ ಮೇಲೆ ಓಡಾಡಿತು. ಅತ್ತಿಗೆಯೂ ಅವಳ ಕಣ್ಣಿನ ಹಿಂದೆಯೇ ಎಲ್ಲವನ್ನೂ ನೋಡಿದಳು. ಒಂದು ಕ್ಷಣ ಅವಳು ಸೋತಳು ಎಂದುಕೊಂಡೆ.

“ಈ ಕಾಗದದ ಒಂದು ಜೆರಾಕ್ಸ್ ಕೊಡ್ತೀರಾ?” ಎಂದಳು. “ಇದರಲ್ಲಿ ನಾನು ಅಜ್ಜಿ ಅಂತಿದೆ. ಅದನ್ನ ಕಿಟಕೀಲಿ ತೋರಿಸ್ತೀನಿ.”

“ಸಹಿ ಹಾಕಿದ್ರೆ ಒಂದು ಪ್ರತಿ ಕೊಡ್ತೀವಿ.”

“ಹಾಕಲ್ಲ.”

“ಅಮ್ಮಾ...”

“ಹಾಕಲ್ಲ ಅಂದ್ನಲ್ಲ. ಏಳಿ.”

ಗಂಡಸು ಹಾಳೆ ಮಡಚಿದ. ಅವನ ದನಿ ಬದಲಾಯಿತು. “ನೀವು ಹಾಕದಿದ್ರೂ ಇದು ನಿಲ್ಲಲ್ಲ. ಸಂಬಂಧಿಕರು ಸ್ಪಂದಿಸಲಿಲ್ಲ ಅಂತ ಬರೆದು ಮುಂದುವರಿಸ್ತಾರೆ. ಸ್ವಲ್ಪ ತಡ ಆಗುತ್ತೆ, ಅಷ್ಟೇ.”

“ಆಗ್ಲಿ. ನಾನು ಕಾದಿಲ್ವಾ? ನೀವೂ ಕಾಯಿರಿ.”

ಕಾರು ಹೋಯಿತು. ಬೀದಿಯ ಹೆಂಗಸರು ಒಬ್ಬೊಬ್ಬರೇ ಒಳಗೆ ಬಂದರು. ನಲ್ಲಿಯ ಹತ್ತಿರ ಕೊಡ ಸರಿಸುತ್ತಿದ್ದವರೂ ಬಂದರು. ಸಹಿ ಹಾಕಿದ್ದರೆ ಏನಾದರೂ ಕೊಡುತ್ತಿದ್ದರೇನೋ ಎಂದಳು ಒಬ್ಬಳು. ಅತ್ತಿಗೆ ಅವಳ ಮುಖ ನೋಡಿದ ರೀತಿಗೆ ಅವಳು ಎದ್ದುಹೋದಳು.

ಆ ಗಂಡಸು ಹೇಳಿದ್ದೇ ಆಯಿತು. ನಾವು ಇಲಾಖೆಯ ಮುದ್ರೆಗೆ ಕಾಯುತ್ತಿದ್ದಾಗ ಅಡುಗೆಯವಳ ಫೋನು ಬಂತು. ಅಳುತ್ತಿದ್ದಳು. ಮಗುವನ್ನು ಕೊಟ್ಟುಬಿಟ್ಟರು. ಯಾರಿಗೆ, ಎಲ್ಲಿಗೆ ಹೇಳುವುದಿಲ್ಲ. ಹೆಸರನ್ನೂ ಬದಲಾಯಿಸಿದ್ದಾರೆ. ಅತ್ತಿಗೆ ಫೋನು ನನ್ನ ಕೈಯಿಂದ ತೆಗೆದುಕೊಂಡಳು.

“ದೊಡ್ಡೋಳಾದ ಮೇಲೆ ಅವಳು ಕೇಳಿದ್ರೆ ಏನು ಹೇಳ್ತಾರಂತೆ?”

“ಫೈಲಲ್ಲಿ ಬರೆದಿದಾರಂತೆ ಅಕ್ಕಾ. ಅಲ್ಲಿ ಕೆಲಸ ಮಾಡೋ ಹುಡುಗಿ ಹೇಳಿದ್ಲು. ತಾಯಿ ಕಡೆಯಿಂದ ಯಾರೂ ಬರಲಿಲ್ಲ ಅಂತ.”

ಅತ್ತಿಗೆ ಫೋನನ್ನು ನನಗೆ ವಾಪಸು ಕೊಟ್ಟಳು. “ನಡಿ,” ಎಂದಳು.

“ಎಲ್ಲಿಗೆ? ಎಲ್ಲಾ ಮುಗೀತಲ್ಲ ಅತ್ತಿಗೆ.”

“ನಡಿ ಅಂದೆ.”

ಮತ್ತೆ ರೈಲು. ಮತ್ತೆ ಗಾಜಿನ ಕಿಟಕಿ. ಒಳಗೆ ಈ ಸಲ ಒಬ್ಬ ಗಂಡಸಿದ್ದ. ಅವನು ಕಂಪ್ಯೂಟರ್ ನೋಡಿ, “ಈ ಪ್ರಕರಣ ಮುಚ್ಚಿದೆ, ಕಾಗದ ತಗೊಳ್ಳೋಕಾಗಲ್ಲ,” ಎಂದ.

“ಕಾಗದ ತಗೋಬೇಡಿ ಸ್ವಾಮಿ,” ಎಂದಳು ಅತ್ತಿಗೆ. “ನಾನು ಬಂದಿದ್ದೆ ಅಂತ ಬರೆದು ಒಂದು ಮುದ್ರೆ ಹಾಕಿ. ಆ ಮಗುವಿನ ಫೈಲಲ್ಲಿ ಇಡ್ಲಿ. ಫೀಸು ಎಷ್ಟಾದ್ರೂ ಕೊಡ್ತೀನಿ.”

ಅವನಿಗೆ ತಿಳಿಯಲಿಲ್ಲ. ಅವಳು ಮತ್ತೆ ಹೇಳಿದಳು. ಅಜ್ಜಿ ಬಂದಿದ್ದಳು, ಕೇಳಿದ್ದಳು, ಅಷ್ಟೇ ಬರೆಯಿರಿ ಎಂದಳು.

“ಅಂಥದ್ದಕ್ಕೆಲ್ಲ ಇಲ್ಲಿ ಮುದ್ರೆ ಇಲ್ಲಮ್ಮ,” ಎಂದ ಅವನು. “ಪಕ್ಕಕ್ಕೆ ಬನ್ನಿ. ಹಿಂದೆ ಜನ ಇದಾರೆ.”

ಅತ್ತಿಗೆ ಪಕ್ಕಕ್ಕೆ ಬರಲಿಲ್ಲ. ಎರಡೂ ಕೈಯಿಂದ ಕಟ್ಟೆಯ ಅಂಚು ಹಿಡಿದಳು. ಹಿಂದಿನವರು ಗೊಣಗಿದರು. ಒಬ್ಬ, “ವಿಮಾನ ಇದೆ ನಂದು, ಸರೀರಿ,” ಎಂದು ಕೂಗಿದ. ನಾನು ಅವಳನ್ನು ಎಳೆಯಬೇಕೆಂದು ಎಲ್ಲರೂ ನನ್ನತ್ತ ನೋಡಿದರು. ನಾನು ಅವಳ ಪಕ್ಕದಲ್ಲಿ ನಿಂತು ಅದೇ ಕಟ್ಟೆ ಹಿಡಿದೆ.

ಕಾವಲಿನವರು ಇಬ್ಬರು ಬಂದರು. ಮೊದಲು ಬಾಯಲ್ಲಿ ಹೇಳಿದರು. ಆಮೇಲೆ ಬೆರಳು ಬಿಡಿಸತೊಡಗಿದರು. ಅವಳ ಒಡೆದ ಬೆರಳುಗಳಿಂದ ನೆತ್ತರು ಜಿನುಗಿ ಕಲ್ಲಿಗೆ ಹತ್ತಿತು. ಕಾವಲಿನವನು ಅಸಹ್ಯದಿಂದ ಕೈ ಝಾಡಿಸಿಕೊಂಡ, ಮತ್ತೆ ಹಿಡಿದ. ಒಂದು ಬೆರಳು ಬಿಡಿಸಿದರೆ ಇನ್ನೊಂದು ಅಂಟಿಕೊಳ್ಳುತ್ತಿತ್ತು. ಅತ್ತಿಗೆ ಕಿರುಚಲಿಲ್ಲ. ಗಾಜಿನಾಚೆಯವನನ್ನೇ ನೋಡುತ್ತ, “ಬಂದಿದ್ದೆ ಅಂತ ಬರೀರಿ,” ಎನ್ನುತ್ತಿದ್ದಳು. ಅವನು ಕಂಪ್ಯೂಟರ್ ಕಡೆ ತಿರುಗಿ ಕೂತ.

ಅವಳದಾದ ಮೇಲೆ ನನ್ನ ಬೆರಳು ಬಿಡಿಸಿದರು. ಗೇಟಿನ ಹೊರಗೆ ರಸ್ತೆಯ ಮೇಲೆ ಬಿಟ್ಟರು. ಒಳಗೆ ಮುಂದಿನ ನಂಬರು ಕರೆಯುತ್ತಿದ್ದುದು ಕೇಳಿಸಿತು.